ಎರಡು ಸ್ಪರ್ಶಕ, ನಡುವೆ ಒಂದು ಕೋನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಚಿತ್ರದ ಸುತ್ತ ಇವೆ. ಹಾಗಾಗಿ ಮೊದಲು ಆ ಚಿತ್ರ ಬರೆದುಕೊಂಡುಬಿಡಿ, ಆಮೇಲೆ ಓದಿ. ಒಂದು ವೃತ್ತ. ಅದರ ಕೇಂದ್ರ ಓ. ವೃತ್ತದ ಹೊರಗೆ ಎಲ್ಲಾದರೂ ಒಂದು ಚುಕ್ಕಿ, ಅದು ಪಿ. ಪಿಯಿಂದ ಹೊರಟು ವೃತ್ತವನ್ನು ಒಂದೇ ಕಡೆ ಮುಟ್ಟಿ ಹೋಗುವ ಗೆರೆಗಳು ಎರಡೇ ಎರಡು, ಆ ಕಡೆ ಒಂದು, ಈ ಕಡೆ ಒಂದು. ಇವೇ ಸ್ಪರ್ಶಕಗಳು. ಮುಟ್ಟಿದ ಜಾಗಗಳಿಗೆ ಎ, ಬಿ ಎಂದು ಹೆಸರಿಡಿ. ಓಎ, ಓಬಿ ತ್ರಿಜ್ಯಗಳನ್ನು ಎಳೆಯಿರಿ. ಕೊನೆಗೆ ಓಪಿ ಗೆರೆಯನ್ನೂ ಎಳೆಯಿರಿ. ಪ್ರಶ್ನೆಪತ್ರಿಕೆಯ ಚಿತ್ರದಲ್ಲಿ ಈ ಕೊನೆಯ ಗೆರೆ ಎಷ್ಟೋ ಸಲ ಇರುವುದೇ ಇಲ್ಲ, ನಾವೂ ಎಳೆಯುವುದಿಲ್ಲ. ಆದರೆ ಇವತ್ತಿನ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಆ ಗೆರೆಯಿಂದಲೇ ಹುಟ್ಟುತ್ತವೆ.

ಪ್ರಶ್ನೆ: ಎರಡು ಸ್ಪರ್ಶಕಗಳ ನಡುವಿನ ಕೋನ, ಎರಡು ತ್ರಿಜ್ಯಗಳ ನಡುವಿನ ಕೋನ, ಇವೆರಡನ್ನೂ ಕೂಡಿದರೆ 180 ಡಿಗ್ರಿ ಅಂತ ಬಾಯಿಪಾಠ ಮಾಡಿದ್ದೇನೆ. ಲೆಕ್ಕವೂ ಸರಿ ಬರುತ್ತದೆ. ಆದರೆ ಯಾಕೆ 180 ಅಂತ ತಂಗಿ ಕೇಳಿದಾಗ ಹೇಳಲು ಬರಲಿಲ್ಲ.

ಉತ್ತರ: ತಂಗಿ ಕೇಳಿದ್ದು ಒಳ್ಳೆಯದೇ ಆಯಿತು. ಪುಸ್ತಕದಲ್ಲಿರುವ ಕಾರಣ ಚಿಕ್ಕದು. ತ್ರಿಜ್ಯವು ಸ್ಪರ್ಶಕವನ್ನು ಮುಟ್ಟುವ ಕಡೆ 90 ಡಿಗ್ರಿ ಇರುತ್ತದೆ. ಅಂಥ ಮೂಲೆ ಎರಡಿವೆ, ಎ ಹತ್ತಿರ ಒಂದು, ಬಿ ಹತ್ತಿರ ಒಂದು. ಚತುರ್ಭುಜದ ನಾಲ್ಕು ಕೋನ ಸೇರಿ 360. ಅದರಲ್ಲಿ 180 ಈ ಎರಡು ಮೂಲೆಗಳಿಗೇ ಹೋಯಿತು. ಉಳಿದ 180 ಅನ್ನು ಪಿ ಮತ್ತು ಓ ಹಂಚಿಕೊಳ್ಳಬೇಕು. ಒಂದು 50 ಆದರೆ ಇನ್ನೊಂದು 130.

ಇದು ಸರಿಯಾದ ಸಾಧನೆಯೇ. ಆದರೆ ನನಗೆ ಇದಕ್ಕಿಂತ ಮನಸ್ಸಿಗೆ ಹಿಡಿಸುವ ಇನ್ನೊಂದು ದಾರಿ ಇದೆ, ತಂಗಿಗೆ ಅದನ್ನೇ ತೋರಿಸಿ. ಜಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ತೆಗೆದುಕೊಳ್ಳಿ. ಅದರ 90 ಡಿಗ್ರಿ ಮೂಲೆಯನ್ನು ಎ ಮೇಲಿಡಿ, ಒಂದು ಅಂಚು ಓಎ ಮೇಲೆ ಕೂರಲಿ. ಇನ್ನೊಂದು ಅಂಚು ತಾನಾಗಿ ಸ್ಪರ್ಶಕದ ಮೇಲೆ ಕೂರುತ್ತದೆ, ಅಲ್ವಾ? ಈಗ ಮೊದಲ ಅಂಚು ತ್ರಿಜ್ಯದಿಂದ ಜಾರದ ಹಾಗೆ ಹಿಡಿದು, ಸೆಟ್ ಸ್ಕ್ವೇರನ್ನು ಓ ಸುತ್ತ ಮೆಲ್ಲಗೆ ತಿರುಗಿಸುತ್ತಾ ಮೂಲೆಯನ್ನು ಎಯಿಂದ ಬಿಗೆ ತನ್ನಿ. ತ್ರಿಜ್ಯ 130 ಡಿಗ್ರಿ ತಿರುಗಿದರೆ ಅದಕ್ಕೆ ಅಂಟಿಕೊಂಡ ಸ್ಪರ್ಶಕವೂ ಅಷ್ಟೇ ತಿರುಗಬೇಕು, ಬೇರೆ ದಾರಿಯೇ ಇಲ್ಲ. ಅಂದರೆ ಮೊದಲ ಸ್ಪರ್ಶಕಕ್ಕೂ ಎರಡನೆಯದಕ್ಕೂ ನಡುವಿನ ತಿರುವು 130. ಎರಡು ಗೆರೆ ಒಂದನ್ನೊಂದು ದಾಟುವಾಗ ಎರಡು ಬಗೆಯ ಕೋನ ಆಗುತ್ತವೆ, ಒಂದು 130 ಆದರೆ ಪಕ್ಕದ್ದು 50. ವೃತ್ತವನ್ನು ತಬ್ಬಿಕೊಂಡಿರುವುದು ಆ 50ರ ಕೋನ. ಒಮ್ಮೆ ಕೈಯಲ್ಲಿ ಮಾಡಿ ನೋಡಿದ ಮೇಲೆ ಸೂತ್ರ ನೆನಪಿಡುವ ಕೆಲಸವೇ ಇರುವುದಿಲ್ಲ.

ಪ್ರಶ್ನೆ: 4 ಸೆಂ.ಮೀ. ತ್ರಿಜ್ಯದ ವೃತ್ತಕ್ಕೆ, ನಡುವೆ 60 ಡಿಗ್ರಿ ಇರುವ ಹಾಗೆ ಎರಡು ಸ್ಪರ್ಶಕ ಎಳೆಯಲು ಹೇಳಿದ್ದರು. ಕೇಂದ್ರದಲ್ಲಿ 60 ಡಿಗ್ರಿ ಗುರುತು ಹಾಕಿ, ಎರಡು ತ್ರಿಜ್ಯ ಎಳೆದು, ತುದಿಗಳಲ್ಲಿ ಲಂಬ ಎಳೆದೆ. ಅಳತೆ ಮಾಡಿದರೆ 120 ಬಂತು. ಎಲ್ಲಿ ತಪ್ಪಿದೆ?

ಉತ್ತರ: ಲಂಬಗಳು ಸರಿ ಇವೆ. ತಪ್ಪಿದ್ದು ಮೊದಲ ಹೆಜ್ಜೆಯಲ್ಲಿ. ಕೇಳಿದ 60 ಪಿ ಹತ್ತಿರ ಬೇಕಾದದ್ದು, ನೀವು ಅದನ್ನು ಕೇಂದ್ರದಲ್ಲಿ ಇಟ್ಟಿರಿ. ಕೇಂದ್ರದಲ್ಲಿ 60 ಇಟ್ಟರೆ ಪಿ ಹತ್ತಿರ 120 ಬಂದೇ ಬರುತ್ತದೆ. ನಿಮ್ಮ ಕೋನಮಾಪಕ ಸರಿಯಾಗಿಯೇ ಹೇಳಿದೆ. ಕೇಂದ್ರದಲ್ಲಿ 120 ಇಟ್ಟು ಅದೇ ಕೆಲಸ ಮತ್ತೆ ಮಾಡಿ, 60 ಸಿಗುತ್ತದೆ. ಈ ತಪ್ಪು ನಿಮ್ಮೊಬ್ಬರದಲ್ಲ. ಇಂಥ ಉತ್ತರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಡಿಸಿ ಮುಗಿಸಿದ ಮೇಲೆ ಅಳತೆ ಮಾಡಿ ನೋಡಿದಿರಲ್ಲ, ಆ ಅಭ್ಯಾಸ ಮಾತ್ರ ಬಿಡಬೇಡಿ.

60 ಡಿಗ್ರಿಗೆ ಇನ್ನೂ ಚಂದದ ದಾರಿ ಇದೆ, ಕೋನಮಾಪಕವೇ ಬೇಡ. ಓಪಿ ಗೆರೆ ಪಿ ಕೋನವನ್ನು ಸರಿಯಾಗಿ ಅರ್ಧ ಮಾಡುತ್ತದೆ. ಹಾಗಾಗಿ ಓ, ಎ, ಪಿ ಸೇರಿದ ತ್ರಿಭುಜದಲ್ಲಿ ಕೋನಗಳು 30, 60, 90. ಇಂಥ ತ್ರಿಭುಜದಲ್ಲಿ ವಿಕರ್ಣವು, ಅಂದರೆ 90ರ ಎದುರಿನ ಬಾಹು, 30ರ ಎದುರಿನ ಬಾಹುವಿನ ಎರಡು ಪಟ್ಟು. 30ರ ಎದುರಿಗಿರುವುದು ತ್ರಿಜ್ಯ, 4 ಸೆಂ.ಮೀ. ಹಾಗಾದರೆ ಓಪಿ 8 ಸೆಂ.ಮೀ. ಕೈವಾರವನ್ನು 4 ಸೆಂ.ಮೀ.ಗೆ ಅಗಲಿಸಿ ವೃತ್ತ ಬರೆಯಿರಿ. ಓ ಬಿಂದುವಿನಿಂದ 8 ಸೆಂ.ಮೀ. ಗೆರೆ ಎಳೆದು ತುದಿಗೆ ಪಿ ಎನ್ನಿ. ಆ ಗೆರೆ ವೃತ್ತವನ್ನು ದಾಟುವ ಜಾಗವೇ ಅದರ ನಟ್ಟನಡು. ಕೈವಾರದ ಮುಳ್ಳನ್ನು ಅಲ್ಲಿ ಚುಚ್ಚಿ, ಅಗಲ ಬದಲಿಸದೆ, ಇನ್ನೊಂದು ವೃತ್ತ ಎಳೆಯಿರಿ. ಎರಡು ವೃತ್ತ ಸೇರುವ ಜಾಗಗಳೇ ಎ ಮತ್ತು ಬಿ. ಪಿಯಿಂದ ಅಲ್ಲಿಗೆ ಗೆರೆ ಎಳೆದರೆ ಮುಗಿಯಿತು. ಎರಡನೇ ವೃತ್ತಕ್ಕೆ ಓಪಿ ವ್ಯಾಸ, ಅರ್ಧವೃತ್ತದೊಳಗಿನ ಕೋನ 90, ಅದಕ್ಕೇ ಓಎಗೆ ಪಿಎ ಲಂಬ. ಪಿ ಎಲ್ಲೇ ಇದ್ದರೂ ಈ ಎರಡನೇ ವೃತ್ತದ ಉಪಾಯ ನಡೆಯುತ್ತದೆ, ಆಗ ಓಪಿಯ ನಡುವನ್ನು ಹುಡುಕಿಕೊಳ್ಳಬೇಕು ಅಷ್ಟೇ. 60ಕ್ಕೆ ಮಾತ್ರ ಕೈವಾರದ ಅಗಲ ಬದಲಿಸುವ ಗೋಜಿಲ್ಲ.

ಪ್ರಶ್ನೆ: ಎ ಮತ್ತು ಬಿ ಸೇರಿಸಿ ಜ್ಯಾ ಎಳೆದಿದ್ದಾರೆ. ಪಿ ಕೋನ 70. ಓಎ ಮತ್ತು ಎಬಿ ನಡುವಿನ ಕೋನ ಎಷ್ಟು?

ಉತ್ತರ: 35. ಇದು ಯಾವಾಗಲೂ ಪಿ ಕೋನದ ಅರ್ಧ. ಪಿಎ, ಪಿಬಿ ಎರಡೂ ಒಂದೇ ಉದ್ದ, ಆದ್ದರಿಂದ ಆ ತ್ರಿಭುಜದ ಉಳಿದೆರಡು ಕೋನ ತಲಾ 55. ಎ ಹತ್ತಿರ ತ್ರಿಜ್ಯ ಮತ್ತು ಸ್ಪರ್ಶಕದ ನಡುವೆ ಒಟ್ಟು 90, ಅದರಲ್ಲಿ 55 ಹೋದರೆ 35.

ಪ್ರಶ್ನೆ: ಪಿಯನ್ನು ಎರಡು ಪಟ್ಟು ದೂರ ಒಯ್ದರೆ ಕೋನ ಅರ್ಧ ಆಗಬೇಕಲ್ಲವೇ? ನನಗೆ 60 ಇದ್ದದ್ದು 29ರ ಹತ್ತಿರ ಬಂತು. ಚಿತ್ರ ಬರೆಯುವಾಗ ಕೈ ತಪ್ಪಿತೋ ಏನೋ.

ಉತ್ತರ: ಕೈ ತಪ್ಪಿಲ್ಲ, ನಿಮ್ಮ ಚಿತ್ರ ತುಂಬಾ ಚೆನ್ನಾಗಿ ಬಂದಿದೆ. ಸರಿಯಾದ ಉತ್ತರ 28.96 ಡಿಗ್ರಿ. ಓ, ಎ, ಪಿ ತ್ರಿಭುಜವನ್ನೇ ನೋಡಿ. ತ್ರಿಜ್ಯವನ್ನು ಓಪಿ ದೂರದಿಂದ ಭಾಗಿಸಿದರೆ ಸಿಗುವುದು ಅರ್ಧ ಕೋನದ ಸೈನ್. ಸೈನ್ ಅರ್ಧವಾದರೆ ಕೋನ ಸರಿಯಾಗಿ ಅರ್ಧವಾಗುವುದಿಲ್ಲ. 5 ಸೆಂ.ಮೀ. ತ್ರಿಜ್ಯದ ವೃತ್ತ ಎಂದುಕೊಳ್ಳಿ. ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಕೋನ 60. 20ರಲ್ಲಿ 28.96. 40ರಲ್ಲಿ 14.36. ದೂರ ಹೋದಷ್ಟೂ ನಿಮ್ಮ ‘ಅರ್ಧ’ದ ಊಹೆಗೆ ಉತ್ತರ ಹತ್ತಿರ ಬರುತ್ತಾ ಹೋಗುತ್ತದೆ, ಯಾಕೆಂದರೆ ಚಿಕ್ಕ ಕೋನಗಳಲ್ಲಿ ಸೈನ್ ಮತ್ತು ಕೋನ ಹೆಚ್ಚುಕಡಿಮೆ ಜೊತೆಜೊತೆಗೇ ನಡೆಯುತ್ತವೆ.

ಹತ್ತಿರ ಬಂದಾಗ ಏನಾಗುತ್ತದೆ ಎನ್ನುವುದು ನನಗೆ ಇದಕ್ಕಿಂತ ಇಷ್ಟ. ಪಿ ವೃತ್ತದ ಮೇಲೆಯೇ ಕೂತರೆ ಸ್ಪರ್ಶಕ ಒಂದೇ, ಅದನ್ನು 180 ಡಿಗ್ರಿ ಎಂದು ಭಾವಿಸಬಹುದು. ಅಲ್ಲಿಂದ ಒಂದೇ ಒಂದು ಮಿಲಿಮೀಟರ್ ಹೊರಗೆ ಸರಿಸಿ. ಓಪಿ ಈಗ 5.1 ಸೆಂ.ಮೀ. ಕೋನ ಎಷ್ಟು ಗೊತ್ತೇ? ಸುಮಾರು 157. ಪೆನ್ಸಿಲ್ ಮೊನೆಯಷ್ಟು ಸರಿದದ್ದಕ್ಕೆ 23 ಡಿಗ್ರಿ ಹತ್ತಿರ ಹತ್ತಿರ ಕುಸಿಯಿತು! ಅದೇ 40 ಸೆಂ.ಮೀ. ದೂರದಲ್ಲಿ ಒಂದು ಮಿಲಿಮೀಟರ್ ಸರಿಸಿದರೆ ಯಾವ ಕೋನಮಾಪಕಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ. ವೃತ್ತಕ್ಕೆ ಅಂಟಿಕೊಂಡ ಹಾಗೆ ಪಿ ಇಟ್ಟು ಬರೆದ ಚಿತ್ರದಲ್ಲಿ ಅಳತೆ ಯಾಕೆ ಕೈಕೊಡುತ್ತದೆ ಎಂದು ಇನ್ನೊಬ್ಬರು ಕೇಳಿದ್ದರು, ಅವರಿಗೂ ಇದೇ ಉತ್ತರ.

ಪ್ರಶ್ನೆ: ಪಿ ವೃತ್ತದ ಒಳಗಿದ್ದರೆ? ಮತ್ತೆ, ಕೋನ ಸೊನ್ನೆ ಆಗುವುದುಂಟೇ?

ಉತ್ತರ: ಒಳಗಿದ್ದರೆ ಸ್ಪರ್ಶಕವೇ ಇಲ್ಲ. ಒಳಗಿನ ಚುಕ್ಕಿಯಿಂದ ಎಳೆದ ಯಾವ ಗೆರೆಯಾದರೂ ವೃತ್ತವನ್ನು ಎರಡು ಕಡೆ ಕತ್ತರಿಸಿಯೇ ಹೋಗುತ್ತದೆ. ಸೊನ್ನೆಯೂ ಆಗುವುದಿಲ್ಲ. ವ್ಯಾಸದ ಎರಡು ತುದಿಗಳಲ್ಲಿ ಎಳೆದ ಸ್ಪರ್ಶಕಗಳು ಸಮಾಂತರ, ಅವು ಸೇರುವ ಪಿ ಎಂಬುದೇ ಇಲ್ಲ.

ಪ್ರಶ್ನೆ: ನಾನು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. 90 ಡಿಗ್ರಿ ವಿ-ಬ್ಲಾಕಿನಲ್ಲಿ (ಮೇಲೆ ವಿ ಆಕಾರದ ಕಂಡಿ ಇರುವ ಲೋಹದ ಗಟ್ಟಿ) 20 ಮಿ.ಮೀ. ರಾಡ್ ಕೂರಿಸಿ, ರಾಡಿನ ತಲೆಯ ಎತ್ತರ ಎಷ್ಟು ಬದಲಾಯಿತು ಎಂದು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಸೊನ್ನೆಗೆ ತಂದೆ. ಅದನ್ನು ತೆಗೆದು 21 ಮಿ.ಮೀ. ರಾಡ್ ಇಟ್ಟರೆ ಮುಳ್ಳು 1 ಮಿ.ಮೀ. ತೋರಿಸಬೇಕಿತ್ತು, 1.2 ತೋರಿಸಿತು. ಗೇಜ್ ಕೆಟ್ಟಿದೆಯೇ?

ಉತ್ತರ: ಗೇಜ್ ಚೆನ್ನಾಗಿದೆ. ಈ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು, ಯಾಕೆಂದರೆ ವಿ-ಬ್ಲಾಕಿನ ಎರಡು ಗೋಡೆಗಳೇ ನಮ್ಮ ಎರಡು ಸ್ಪರ್ಶಕಗಳು. ರಾಡನ್ನು ಅದರ ತುದಿಯ ಕಡೆಯಿಂದ ನೋಡಿ. ಕಾಣುವುದು ಒಂದು ವೃತ್ತ, ಎಡಗಡೆ ಒಂದು ಗೋಡೆ ಮುಟ್ಟಿದೆ, ಬಲಗಡೆ ಒಂದು. ಗೋಡೆಗಳು ಕೆಳಗೆ ಸೇರುವ ಜಾಗವೇ ಪಿ. ಅಲ್ಲಿ ಸಣ್ಣ ತೋಡು ಕೊರೆದಿರುತ್ತಾರೆ, ಆದ್ದರಿಂದ ಆ ಚುಕ್ಕಿ ಕಣ್ಣಿಗೆ ಕಾಣುವುದಿಲ್ಲ, ಗೋಡೆಗಳನ್ನು ಮನಸ್ಸಿನಲ್ಲೇ ಕೆಳಗೆ ಮುಂದುವರಿಸಿಕೊಳ್ಳಿ.

ಪಿ ಕೋನ 90 ಆದಾಗ ಕೇಂದ್ರದ ಕೋನವೂ 90. ಓ, ಎ, ಪಿ, ಬಿ ಸೇರಿ ಒಂದು ಚೌಕ. ಚೌಕದ ಕರ್ಣವೇ ಓಪಿ, ಅಂದರೆ ತ್ರಿಜ್ಯದ 1.414 ಪಟ್ಟು. ರಾಡಿನ ತಲೆ ಇನ್ನೂ ಒಂದು ತ್ರಿಜ್ಯ ಮೇಲಿದೆ. ಒಟ್ಟು ಎತ್ತರ ತ್ರಿಜ್ಯದ 2.414 ಪಟ್ಟು. ವ್ಯಾಸದ ಲೆಕ್ಕದಲ್ಲಿ ಹೇಳಿದರೆ 1.207 ಪಟ್ಟು. 20ರ ರಾಡಿಗೆ 24.14 ಮಿ.ಮೀ., 21ಕ್ಕೆ 25.35. ವ್ಯತ್ಯಾಸ 1.207, ನಿಮ್ಮ ಮುಳ್ಳು ತೋರಿಸಿದ್ದೂ ಅದನ್ನೇ. ದಪ್ಪ ರಾಡು ಮೇಲಕ್ಕೆ ಬೆಳೆಯುವುದು ಮಾತ್ರವಲ್ಲ, ಅದರ ಕೇಂದ್ರವೂ ಗೋಡೆಗಳ ಒತ್ತಿಗೆ ಮೇಲೇರುತ್ತದೆ. ಆದ್ದರಿಂದ ಗೇಜಿನ ಓದನ್ನು 1.207ರಿಂದ ಭಾಗಿಸಿ, ವ್ಯಾಸದ ವ್ಯತ್ಯಾಸ ಸಿಗುತ್ತದೆ. ಬ್ಲಾಕ್ 60 ಡಿಗ್ರಿಯದಾದರೆ ಓಪಿ ತ್ರಿಜ್ಯದ ಎರಡು ಪಟ್ಟು ಆಗುತ್ತದೆ, ಆಗ ಭಾಗಿಸಬೇಕಾದದ್ದು 1.5ರಿಂದ. 120 ಡಿಗ್ರಿಯದಾದರೆ 1.077ರಿಂದ. ಇಕ್ಕಟ್ಟಾದ ವಿ ಆದಷ್ಟೂ ಚಿಕ್ಕ ವ್ಯತ್ಯಾಸ ಗೇಜಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಪಿಎ, ಪಿಬಿ ಎರಡು ಸ್ಪರ್ಶಕ ಇದ್ದಾಗ, ವೃತ್ತದ ಪಿ ಕಡೆಯ ಮೈಗೆ ಮೂರನೆಯದೊಂದು ಸ್ಪರ್ಶಕ ಎಳೆದು ತ್ರಿಭುಜ ಮಾಡಿದೆ. ಮೂರನೆಯದನ್ನು ಎಲ್ಲಿ ಎಳೆದರೂ ಸುತ್ತಳತೆ ಒಂದೇ ಬರುತ್ತಿದೆ. ಇದು ಆಕಸ್ಮಿಕವೇ?

ಉತ್ತರ: ಆಕಸ್ಮಿಕ ಅಲ್ಲವೇ ಅಲ್ಲ. ನೀವೇ ಕಂಡುಕೊಂಡಿರಿ ಎನ್ನುವುದೇ ದೊಡ್ಡ ವಿಷಯ. ಮೂರನೇ ಸ್ಪರ್ಶಕ ಪಿಎಯನ್ನು ಸಿಯಲ್ಲೂ ಪಿಬಿಯನ್ನು ಡಿಯಲ್ಲೂ ದಾಟಲಿ, ವೃತ್ತವನ್ನು ಟಿಯಲ್ಲಿ ಮುಟ್ಟಲಿ. ಸಿಯೂ ಹೊರಗಿನ ಚುಕ್ಕಿಯೇ ತಾನೇ? ಅಲ್ಲಿಂದ ವೃತ್ತಕ್ಕೆ ಹೋಗುವ ಎರಡು ಸ್ಪರ್ಶಕ ಸಿಎ ಮತ್ತು ಸಿಟಿ, ಅವು ಸಮ. ಹಾಗೆಯೇ ಡಿಬಿ, ಡಿಟಿ ಸಮ. ಸುತ್ತಳತೆ ಅಂದರೆ ಪಿಯಿಂದ ಸಿ, ಸಿಯಿಂದ ಟಿ ದಾಟಿ ಡಿ, ಡಿಯಿಂದ ಮರಳಿ ಪಿ. ಸಿಟಿಯ ಜಾಗದಲ್ಲಿ ಸಿಎ ಇಡಿ, ಟಿಡಿಯ ಜಾಗದಲ್ಲಿ ಡಿಬಿ ಇಡಿ. ಆಗ ಉಳಿಯುವುದು ಪಿಎ ಮತ್ತು ಪಿಬಿ ಪೂರ್ತಿ. ಮೂರನೇ ಗೆರೆ ಲೆಕ್ಕದಿಂದಲೇ ಮಾಯವಾಯಿತು! 5 ಸೆಂ.ಮೀ. ತ್ರಿಜ್ಯ, ಓಪಿ 13 ಸೆಂ.ಮೀ. ಇಟ್ಟು ನೋಡಿ. ಪಿಎ 12 ಬರುತ್ತದೆ, ಸುತ್ತಳತೆ ಯಾವಾಗಲೂ 24.

ಕೋನದಲ್ಲೂ ಇದೇ ಸೊಗಸು ಇದೆ, ಅದನ್ನೂ ಅಳೆದು ನೋಡಿ. ಓ ಬಿಂದುವಿನಿಂದ ಸಿಗೆ ಒಂದು, ಡಿಗೆ ಒಂದು ಗೆರೆ ಎಳೆಯಿರಿ. ಓಸಿ ಗೆರೆಯು ಎ ಮತ್ತು ಟಿ ನಡುವಿನ ಕೇಂದ್ರಕೋನವನ್ನು ಅರ್ಧ ಮಾಡುತ್ತದೆ. ಓಡಿ ಗೆರೆಯು ಟಿ ಮತ್ತು ಬಿ ನಡುವಿನದನ್ನು ಅರ್ಧ ಮಾಡುತ್ತದೆ. ಅರ್ಧ ಅರ್ಧ ಸೇರಿದರೆ ಒಟ್ಟಿನ ಅರ್ಧ. ಆದ್ದರಿಂದ ಓಸಿ, ಓಡಿ ನಡುವಿನ ಕೋನ ಯಾವಾಗಲೂ ಕೇಂದ್ರದ ದೊಡ್ಡ ಕೋನದ ಅರ್ಧ. ಪಿ ಕೋನ 50 ಇದ್ದರೆ ಅದು 65. ಟಿಯನ್ನು ಎ ಕಡೆಗೆ ಒಯ್ಯಿರಿ, ಬಿ ಕಡೆಗೆ ಒಯ್ಯಿರಿ, ಸಿ ಡಿ ಎರಡೂ ಜಾರುತ್ತವೆ, ತ್ರಿಭುಜದ ಆಕಾರ ಪೂರ್ತಿ ಬದಲಾಗುತ್ತದೆ, 65 ಮಾತ್ರ ಅಲ್ಲಾಡುವುದಿಲ್ಲ.

ಪ್ರಶ್ನೆ: ಪರೀಕ್ಷೆ ಬಿಟ್ಟರೆ ಈ ಕೋನದಿಂದ ಏನು ಉಪಯೋಗ ಅಂತ ಮಗಳು ಕೇಳುತ್ತಾಳೆ.

ಉತ್ತರ: ಮಗಳನ್ನು ಬೆಳದಿಂಗಳಲ್ಲಿ ಹೊರಗೆ ಕರೆದುಕೊಂಡು ಹೋಗಿ. 6 ಮಿ.ಮೀ. ಅಗಲದ ಗುಂಡನೆಯ ಮಣಿಯೊಂದನ್ನು ಕಡ್ಡಿಗೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ, ಮಣಿಯನ್ನು ಇನ್ನೊಂದು ಕಣ್ಣಿನಿಂದ ಸುಮಾರು 66 ಸೆಂ.ಮೀ. ದೂರ ಹಿಡಿಯಲು ಹೇಳಿ. ಮಣಿ ಹುಣ್ಣಿಮೆ ಚಂದ್ರನನ್ನು ಹೆಚ್ಚುಕಡಿಮೆ ಸರಿಯಾಗಿ ಮುಚ್ಚುತ್ತದೆ. ಅವಳ ಕಣ್ಣು ಪಿ, ಮಣಿ ಒಂದು ವೃತ್ತ, ಚಂದ್ರ ಇನ್ನೊಂದು, ಎರಡಕ್ಕೂ ಅದೇ ಎರಡು ಸ್ಪರ್ಶಕ. ಚಂದ್ರನ ತ್ರಿಜ್ಯ 1,737 ಕಿ.ಮೀ., ಸರಾಸರಿ ದೂರ 3,84,400 ಕಿ.ಮೀ. ಮೊದಲಿನ ಹಾಗೆ ಭಾಗಿಸಿ ಲೆಕ್ಕ ಹಾಕಿದರೆ ಕೋನ 0.52 ಡಿಗ್ರಿ. ಸೂರ್ಯನ ತ್ರಿಜ್ಯ ಸುಮಾರು 6,96,000 ಕಿ.ಮೀ., ದೂರ ಸುಮಾರು 14.96 ಕೋಟಿ ಕಿ.ಮೀ., ಅವನಿಗೆ 0.53. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು ಅಷ್ಟೇ ಪಟ್ಟು ದೂರದವನು, ಹಾಗಾಗಿ ಕೋನ ಸರಿಸಮ ಆಗಿಬಿಟ್ಟಿದೆ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಅವನ ಕೋನ ಸುಮಾರು 0.56ರವರೆಗೆ ಹಿಗ್ಗುತ್ತದೆ, ಆಗ ಪೂರ್ಣ ಸೂರ್ಯಗ್ರಹಣ ಆಗಲು ಸಾಧ್ಯ. ದೂರ ಇದ್ದಾಗ ಅವನಿಂದ ಸೂರ್ಯನನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ, ಸುತ್ತ ಬೆಂಕಿಯ ಬಳೆ ಉಳಿಯುತ್ತದೆ. ಮಣಿಯ ಪ್ರಯೋಗವನ್ನು ಚಂದ್ರನ ಮೇಲೆ ಮಾತ್ರ ಮಾಡಿ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಲೇಬಾರದು.

ಇನ್ನೊಂದು ಉಪಯೋಗ ತಲೆಯ ಮೇಲೆಯೇ ಇದೆ. ಭೂಮಿಯ ಜೊತೆಗೇ ಸುತ್ತುತ್ತಾ, ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುವ ಉಪಗ್ರಹಗಳು ನೆಲದಿಂದ 35,786 ಕಿ.ಮೀ. ಎತ್ತರದಲ್ಲಿವೆ. ಭೂಮಿಯ ತ್ರಿಜ್ಯ 6,378 ಕಿ.ಮೀ. ಕೂಡಿಸಿದರೆ ಓಪಿ 42,164. ಉಪಗ್ರಹದಿಂದ ಭೂಮಿಗೆ ಎಳೆದ ಎರಡು ಸ್ಪರ್ಶಕಗಳ ನಡುವಿನ ಕೋನ 17.4 ಡಿಗ್ರಿ ಮಾತ್ರ. ಅಷ್ಟು ಕಿರಿದಾದ ಕಿರಣದಲ್ಲಿ ತನಗೆ ಕಾಣುವ ಭೂಮಿಯೆಲ್ಲ ಅದರ ಹಿಡಿತಕ್ಕೆ ಬಂದುಬಿಡುತ್ತದೆ. 180ರಲ್ಲಿ 17.4 ಕಳೆಯಿರಿ, ಕೇಂದ್ರದ ಕೋನ 162.6. ಒಂದು ಉಪಗ್ರಹಕ್ಕೆ ಸಮಭಾಜಕದ ಮೇಲೆ ಇಷ್ಟು ಅಗಲ ಕಾಣುತ್ತದೆ. ಪೂರ್ತಿ ಸುತ್ತು 360. ಎರಡು ಉಪಗ್ರಹ ಸೇರಿದರೆ 325.2, ಸಾಲದು. ಮೂರು ಇದ್ದರೆ ಧಾರಾಳ. ಮೂರು ಉಪಗ್ರಹಗಳಿಂದ ಇಡೀ ಭೂಮಿಗೆ ಸಂಪರ್ಕ ಕೊಡಬಹುದು ಎಂದು ಬ್ರಿಟಿಷ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು, ಆಗಿನ್ನೂ ಒಂದೇ ಒಂದು ಉಪಗ್ರಹವೂ ಹಾರಿರಲಿಲ್ಲ. ಆದರೆ ಧ್ರುವಗಳ ಹತ್ತಿರ ಮಾತ್ರ ಈ ಮೂರರಿಂದಲೂ ಆಗುವುದಿಲ್ಲ. 162.6ರ ಅರ್ಧ 81.3. ಸಮಭಾಜಕದಿಂದ 81.3 ಡಿಗ್ರಿ ಅಕ್ಷಾಂಶಕ್ಕೆ ಸ್ಪರ್ಶಕ ಭೂಮಿಯನ್ನು ಮುಟ್ಟಿ ಮುಂದೆ ಹೋಗಿಬಿಡುತ್ತದೆ. ಅದರಾಚೆ ನಿಂತವರಿಗೆ ಆ ಉಪಗ್ರಹ ದಿಗಂತದ ಕೆಳಗೇ ಉಳಿಯುತ್ತದೆ.

ಪ್ರಶ್ನೆ: ಅರ್ಧವೃತ್ತದ ಉಪಾಯ ಬಿಟ್ಟು, ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯಲು ಬೇರೆ ದಾರಿ ಇದೆಯೇ?

ಉತ್ತರ: ಇದೆ, ಹಳೆಯದೂ ಹೌದು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೂರನೇ ಭಾಗದಲ್ಲಿ ಕೊಟ್ಟಿರುವುದು ಅರ್ಧವೃತ್ತದ ಉಪಾಯ ಅಲ್ಲ, ಇದು. ಓಪಿ ಗೆರೆ ವೃತ್ತವನ್ನು ದಾಟುವ ಜಾಗಕ್ಕೆ ಎಂ ಎನ್ನಿ. ಓ ಅನ್ನೇ ಕೇಂದ್ರ ಮಾಡಿಕೊಂಡು ಪಿ ಮೂಲಕ ಹೋಗುವ ದೊಡ್ಡ ವೃತ್ತ ಬರೆಯಿರಿ. ಎಂನಲ್ಲಿ ಓಪಿಗೆ ಲಂಬ ಎಳೆಯಿರಿ, ಅದು ದೊಡ್ಡ ವೃತ್ತವನ್ನು ಎಫ್‌ನಲ್ಲಿ ಸೇರಲಿ. ಈಗ ಓಎಫ್ ಎಳೆಯಿರಿ. ಅದು ಚಿಕ್ಕ ವೃತ್ತವನ್ನು ದಾಟುವ ಜಾಗವೇ ಎ. ಪಿಎ ಸೇರಿಸಿದರೆ ಸ್ಪರ್ಶಕ ಸಿದ್ಧ. ಓ, ಎಂ, ಎಫ್ ತ್ರಿಭುಜವನ್ನೂ ಓ, ಎ, ಪಿ ತ್ರಿಭುಜವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಒಂದು ಬಾಹು ಚಿಕ್ಕ ತ್ರಿಜ್ಯ, ಒಂದು ಬಾಹು ದೊಡ್ಡ ತ್ರಿಜ್ಯ, ಓ ಹತ್ತಿರದ ಕೋನ ಒಂದೇ. ಹಾಗಾಗಿ ಅವು ಸರ್ವಸಮ. ಎಂನಲ್ಲಿ ನಾವೇ ಇಟ್ಟ 90 ಡಿಗ್ರಿ ಎಗೆ ಹೋಗಿ ಕೂತಿದೆ. ಲಂಬವನ್ನು ಕೆಳಗೂ ಮುಂದುವರಿಸಿದರೆ ಬಿ ಕೂಡ ಸಿಗುತ್ತದೆ.